ಬಾಯಕ್ಕನಿಗೆ ಮೂರು ಬಟ್ಟಲು ನೀರು

“ಆ ಚಮಚಾ ಮೊದಲ ಕೆಳಗ ಇಡ್ರಿ.”

ಕಾಂಚನಾ ತಲೆ ಎತ್ತುವಷ್ಟರಲ್ಲಿ ಚಮಚ ಅವಳ ಕೈಯಿಂದ ಹೋಗಿಯಾಗಿತ್ತು. ಚಿಕ್ಕೋಡಿಯ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ, ಎಮ್ಮೆ-ಆಡುಗಳ ನಡುವೆ ಕೂತಿದ್ದಳು ಅವಳು. ತೊಡೆಯ ಮೇಲೆ ದ್ರಾಕ್ಷಿ ತುಂಬುವ ರಟ್ಟಿನ ಡಬ್ಬಿ. ಡಬ್ಬಿಯೊಳಗೆ ಹದಿನಾಲ್ಕು ವರ್ಷದ ಬೆಕ್ಕು, ಬಾಯಕ್ಕ. ಚಮಚದಲ್ಲಿದ್ದದ್ದು ಔಡಲೆಣ್ಣೆ.

“ಕೂಸಿಗೆ ಹಾಕ್ತಾರಲ್ರಿ ಇದನ್ನ,” ಅಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ತುಂಬಿತ್ತು. “ನಮ್ಮ ಆಯಿ ನಾಕ ಮಂದಿ ಮಕ್ಕಳನ್ನ ಇದರ ಮ್ಯಾಲೇ ಬೆಳಸ್ಯಾಳ.”

“ಬೆಳಸಿರಬೇಕ್ರಿ. ಆ ನಾಕ ಮಂದ್ಯಾಗ ಬೆಕ್ಕ ಯಾರೂ ಇರಲಿಲ್ಲಲ್ಲ?”

ಪಕ್ಕದಲ್ಲಿ ಎಮ್ಮೆ ಹಿಡಿದು ನಿಂತಿದ್ದ ಮುದುಕ ಕಿಸಕ್ಕನೆ ನಕ್ಕ. ಕಾಂಚನಾ ನಗಲಿಲ್ಲ.

ಚಮಚ ಕಸಿದವನು ಡಾಕ್ಟರ್ ಹಾಲಸಿದ್ದ. ಕಾಗವಾಡದ ಕಡೆಯ ಕುರಿ ಸಾಕುವ ಮನೆಯ ಮಗ. ಚಿಕ್ಕೋಡಿಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಅವಳ ಕಣ್ಣು ಕಂಡಕೂಡಲೇ ಅವನ ದನಿ ಇಳಿಯಿತು.

“ಜುಲುಮಿಲೆ ಬಾಯಾಗ ಎಣ್ಣಿ ಸುರುವಿದ್ರ ಪುಪ್ಪಸಕ್ಕ ಹೋಗತೈತ್ರಿ. ಮಂದೀದು ಔಷಧ ಬೆಕ್ಕಿಗೆ ಬ್ಯಾಡ. ಎಷ್ಟ ದಿನಾ ಆತು ಹೊಟ್ಟಿ ಸಾಫ್ ಆಗಲಾರದ?”

“ಮೂರು. ದಿನಾ ತಿಣಕತೈತಿ, ಒದರತೈತಿ, ಎದ್ದ ಬರತೈತಿ...”

“ಉಚ್ಚಿ ಹೋಗಾಕತ್ತೈತಿಲ್ಲೊ?”

ಕಾಂಚನಾಳ ಕಿವಿ ಕೆಂಪಾದವು. ಗುರುತಿಲ್ಲದ ಗಂಡಸಿನೊಂದಿಗೆ ಮೊದಲ ಮಾತು ಇದಾಗಬೇಕೇ... “ಹೋಗತೈತ್ರಿ.”

“ಹಂಗಾರ ಛಲೋ. ಅದು ನಿಂತಿದ್ರ ಒಂದ ತಾಸೂ ಕಾಯಾಕ ಬರತಿರಲಿಲ್ಲ.”

ಅವನು ಬಾಯಕ್ಕನ ಹೊಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದ. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟ. ಅದು ನಿಧಾನವಾಗಿ ಇಳಿಯಿತು. ಮೈಯಲ್ಲಿ ನೀರು ಕಡಿಮೆಯಾಗಿದೆ, ಹಿಂಗಾಲಿನ ಕೀಲುಗಳು ಹಿಡಿದಿವೆ ಅಂದ. ಚರ್ಮದಡಿ ಸಲೈನ್ ಏರಿಸುವಾಗ, “ಸ್ವಲ್ಪ ತಡಕೋರಿ ಬಾಯಕ್ಕ, ಆತು, ಮುಗೀತು,” ಎಂದು ಹಿರಿಯರಿಗೆ ಹೇಳುವಂತೆ ಹೇಳಿದ.

ಆ ‘ರಿ’ ಕಾಂಚನಾಳ ಎದೆಯಲ್ಲಿ ಎಲ್ಲೋ ಹೋಗಿ ಕೂತುಬಿಟ್ಟಿತು.

ಬಾಯಕ್ಕ ಅವಳ ಪಾಲಿಗೆ ಬರೀ ಬೆಕ್ಕಲ್ಲ. ಅವಳಿಗೆ ಹನ್ನೆರಡು ತುಂಬಿದ ವರ್ಷ ತಾಯಿ ತೀರಿಕೊಂಡಿದ್ದಳು. ಅದೇ ಮಳೆಗಾಲದಲ್ಲಿ ಕಬ್ಬಿನ ತೋಟದ ಬದುವಿನಿಂದ ಶಾಲೆಯ ಪಾಟೀಚೀಲದಲ್ಲಿ ಹಾಕಿಕೊಂಡು ಬಂದ ಜೀವ ಇದು. ಈಗ ಅವಳು ಕೋರ್ಟಿನ ಎದುರು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಾಳೆ. ನೋಡಲು ಬಂದ ಗಂಡುಗಳಿಗೆಲ್ಲ ಒಂದೇ ಮಾತು: “ಬಾಯಕ್ಕ ನನ್ನ ಕೂಡ ಬರತೈತಿ.” ನಿಪ್ಪಾಣಿಯವರು ನಕ್ಕರು. ಅಥಣಿಯವರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ರಾಯಬಾಗದ ಹಿರಿಯಳೊಬ್ಬಳು, “ಮುದಿ ಬೆಕ್ಕ, ಹೊಲದಾಗ ಬಿಟ್ಟ ಬಾ,” ಅಂದಾಗ ಕಾಂಚನಾಳೇ ಎದ್ದು ಒಳಗೆ ಹೋಗಿದ್ದಳು.

ಅಂದು ಹಾಲಸಿದ್ದ ಅವಳ ವಿಳಾಸ, ಮೊಬೈಲ್ ನಂಬರು ಬರೆದುಕೊಂಡು ಒಂದು ಕಾಗದ ಬರೆದುಕೊಟ್ಟ. ಅಳತೆ ಮಾಡಿ ಕುಡಿಸುವ ಪಾನಕದಂಥ ಔಷಧ. ರೊಟ್ಟಿ-ಹಾಲು ಬಂದ್. ಉಪ್ಪು-ಉಳ್ಳಾಗಡ್ಡಿ ಹಾಕದೆ ಕೋಳಿ ಬೇಯಿಸಿ ರಸದ ಸಮೇತ ಕೊಡಬೇಕು. ಅದರಲ್ಲಿ ಒಂದು ಚಮಚ ಬೇಯಿಸಿದ ಕುಂಬಳಕಾಯಿ. ಮೂರು ಕಡೆ ಅಗಲ ಬಟ್ಟಲಲ್ಲಿ ನೀರು. ಬೆಕ್ಕು ಕಕ್ಕಸಿಗೆ ಕೂರುವ ಮರಳಿನ ತಗಡು ಗಿಡ್ಡ ಅಂಚಿನದಿರಲಿ, ಯಾರೂ ಸುಳಿಯದ ಮೂಲೆಯಲ್ಲಿರಲಿ.

“ಯಾಕ್ರಿ, ಮೂಲ್ಯಾಗ ಯಾಕ?”

“ವಯಸ್ಸಾದಾಕಿ. ಎಲ್ಲಾರೂ ನೋಡಕೋತ ನಿಂತ್ರ ಆಗಂಗಿಲ್ಲ. ಮರ್ಯಾದಿ ಇರತೈತಿ.”

ಮರುದಿನ ಮೊಬೈಲ್ ಟಿಣ್ ಅಂದಿತು. ಹಾಲಸಿದ್ದನ ಮೆಸೇಜು: “ಆತೇನ್ರಿ?”

ಅವಳು ಬರೆದಳು: “ಆತ್ರಿ. ಸ್ವಲ್ಪ. ಗಟ್ಟಿ.”

“ಕುಂಬಳಕಾಯಿ ಅರ್ಧಾ ಚಮಚಾ ಜಾಸ್ತಿ ಮಾಡ್ರಿ. ದಿನಾ ಮೈ ಬಾಚರಿ, ನುಂಗಿದ ಕೂದಲಾನೂ ಹಾದಿ ಕಟ್ಟತೈತಿ.”

ಹೀಗೆ ಶುರುವಾಯಿತು. ಲೋಕದಲ್ಲಿ ಯಾರ ಪ್ರೇಮಪತ್ರವೂ ಹೀಗಿರಲಿಕ್ಕಿಲ್ಲ. “ಇವತ್ತ ಎರಡು, ಮೆತ್ತಗ.” “ಶಾಬಾಸ್ ಬಾಯಕ್ಕ.” “ಚಿಂದಿ ಚೆಂಡಿನ ಕೂಡ ಹತ್ತ ಮಿನಿಟ ಆಡ್ಯಾಳ.” “ನೀವ ಊಟಾ ಮಾಡೀರಿಲ್ಲೊ?” ಕೊನೆಯ ಪ್ರಶ್ನೆಗೂ ಬೆಕ್ಕಿನ ಹೊಟ್ಟೆಗೂ ಸಂಬಂಧವಿರಲಿಲ್ಲ. ಒಂದು ಸಂಜೆ ಅವಳು ಮೂರು ಗಂಡುಗಳ ಕಥೆಯನ್ನೂ ಬರೆದು ಕಳಿಸಿದಳು. ಅವನಿಂದ ಒಂದೇ ಸಾಲು ಬಂತು: “ಅವರಿಗೆ ದೈವ ಇರಲಿಲ್ಲ ಬಿಡ್ರಿ.”

ಆಷಾಢ ಮುಗಿದು ಶ್ರಾವಣ ಬಂತು. ಹೆಣ್ಣು ನೋಡುವ ಶಾಸ್ತ್ರಗಳು ಮತ್ತೆ ಶುರುವಾದವು.

ಆ ಭಾನುವಾರ ಕಾಂಚನಾ ಎದುರು ಮನೆಯ ಕಾಜಲ್‌ಗೆ ಹೂ ಕೊಡಲು ಹೋದಳು. ಬಾಗಿಲಲ್ಲೇ ಕಾಲು ನಿಂತಿತು. ಪಡಸಾಲೆಯ ನಡುವಿನ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಹಾಲಸಿದ್ದ! ರೇಷ್ಮೆ ಸೀರೆಯ ಕಾಜಲ್ ತಲೆ ತಗ್ಗಿಸಿ, ಅವಲಕ್ಕಿಯ ಮೊದಲ ತಾಟನ್ನು ಅವನ ಮುಂದೆಯೇ ಇಡುತ್ತಿದ್ದಳು.

ಈ ಸೀಮೆಯಲ್ಲಿ ಮೊದಲ ತಾಟು ಯಾರ ಮುಂದೆ ಹೋಗುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಅದು ಗಂಡಿನದು.

ಅವಳು ಹೂವನ್ನು ಹೊಸ್ತಿಲ ಮೇಲಿಟ್ಟು ಬಂದುಬಿಟ್ಟಳು. ‘ಡಾಕ್ಟರ್ ಬೆಕ್ಕಿನ ಸಲುವಾಗಿ ಕೇಳತಿದ್ರು. ನಾನು ನನ್ನ ಸಲುವಾಗಿ ಅನಕೊಂಡೆ. ಹುಚ್ಚಿ ನಾನು...’

“ಆತೇನ್ರಿ?” ಮೊಬೈಲ್ ಕೇಳಿತು. ಉತ್ತರ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಗುರುವಾರ ಆಸ್ಪತ್ರೆಯಲ್ಲಿ ಬಾಯಕ್ಕನ ತಪಾಸಣೆಯಿತ್ತು, ಅದಕ್ಕೂ ಅವಳು ಹೋಗಲಿಲ್ಲ.

ಆದರೆ ಶುಕ್ರವಾರ ಬೆಳಗ್ಗೆ, ಅವಳ ಆಯಿ, ಅಂದರೆ ಅಜ್ಜಿ ದುಂಡವ್ವ, ದೇವರ ಮುಂದೆ ಕೂತು ಶ್ರಾವಣದ ಪದ ಹಾಡುವಾಗ, ಯಾವತ್ತೂ ಕಂಬದ ಬುಡದಲ್ಲಿ ಕಿವಿ ನಿಮಿರಿಸಿ ಕೇಳುವ ಬಾಯಕ್ಕ ಇರಲಿಲ್ಲ. ಹಿತ್ತಲಲ್ಲಿ ಬೆನ್ನು ಬಾಗಿಸಿ ತಿಣುಕುತ್ತಿತ್ತು. ಸಣ್ಣಗೆ ಅತ್ತಿತು.

ಕಾಂಚನಾ ಮೊಬೈಲ್ ಹಿಡಿದು ಒಂದು ಗಳಿಗೆ ನಿಂತಳು. ಮಾನ ತಕ್ಕಡಿಯ ಒಂದು ತಟ್ಟೆಯಲ್ಲಿ, ಬಾಯಕ್ಕ ಇನ್ನೊಂದರಲ್ಲಿ. ತಕ್ಕಡಿ ಯಾವ ಕಡೆ ವಾಲೀತೆಂದು ಅವಳಿಗೆ ಗೊತ್ತೇ ಇತ್ತು.

“ಎರಡ ದಿನಾ ಆಗಿಲ್ರಿ. ಉಚ್ಚಿ ಹೋಗತೈತಿ.”

ಇಪ್ಪತ್ತು ನಿಮಿಷಕ್ಕೆ ಬೈಕು ಬಾಗಿಲಲ್ಲಿತ್ತು.

ಹಾಲಸಿದ್ದ ಅವಳ ಮುಖ ನೋಡಲಿಲ್ಲ, ಬಾಯಕ್ಕನನ್ನು ನೋಡಿದ. ಸಲೈನ್ ಕೊಟ್ಟ, ಔಷಧ ಕುಡಿಸಿದ. ಆಮೇಲೆ ಊಟದ ಬಟ್ಟಲು ಎತ್ತಿ ಮೂಸಿದ. “ಇದೇನ್ರಿ, ರೊಟ್ಟಿ-ಹಾಲು?”

ದುಂಡವ್ವ ಸೆರಗು ಸರಿಮಾಡಿಕೊಂಡಳು. “ಶ್ರಾವಣ ಹತ್ತೈತಲ್ಲೋ ಯಪ್ಪಾ. ಮನ್ಯಾಗ ಕೋಳಿ ಬೇಯಸಂಗಿಲ್ಲ. ಈಕಿ ಆಫೀಸಿಗೆ ಹೋದಮ್ಯಾಲೆ ನಾನ ರೊಟ್ಟಿ-ಹಾಲ ಹಾಕತೀನಿ, ಈಕೀಗೆ ಹೇಳಿಲ್ಲ. ಅದೂ ದಿನಾ ಪದಾ ಕೇಳತೈತಿ, ಒಂದ ತಿಂಗಳ ನೇಮ ಹಿಡೀಲಿ ಅಂದೆ.”

ಕಾಂಚನಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಬಾಯಕ್ಕನಿಗೆ ಶ್ರಾವಣದ ವ್ರತ.

“ಆಯಿ,” ಹಾಲಸಿದ್ದ ದುಂಡವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. “ನೇಮ ನಿಮಗ. ಆಕೀಗೆ ದೇವರ ಕೊಟ್ಟ ಹಲ್ಲ ಬ್ಯಾರೆ ಅದಾವು.”

ದುಂಡವ್ವ ಯೋಚಿಸಿದಳು. “ಹೌದ ಬಿಡು. ಹಲ್ಲ ಕೊಟ್ಟಾಂವ ಅವನ. ಹಿತ್ತಲದಾಗ ಬ್ಯಾರೆ ಒಲಿ ಹೂಡತೀನಿ,” ಎನ್ನುತ್ತ ಎದ್ದಳು.

ಮುಕ್ಕಾಲು ತಾಸು ಕಳೆಯಿತು. ಬಾಯಕ್ಕ ಎದ್ದು ಮೈ ಮುರಿದು ಮೂಲೆಯ ಮರಳಿನ ತಗಡಿನತ್ತ ಹೊರಟಿತು. ನಡುವೆ ನಿಂತು ಇಬ್ಬರನ್ನೂ ನೋಡಿತು.

“ಮಾರಿ ತಿರಗಸ್ರಿ,” ಹಾಲಸಿದ್ದ ಪಿಸುಗುಟ್ಟಿದ.

ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಪಕ್ಕಪಕ್ಕ ನಿಂತರು, ತಪ್ಪು ಮಾಡಿದ ಶಾಲೆಯ ಮಕ್ಕಳಂತೆ.

“ಮೆಸೇಜ್ ಯಾಕ ಬಿಟ್ರಿ?” ಅವನು ಗೋಡೆಗೆ ಕೇಳಿದ.

“ಕಾಜಲ್ ಮನ್ಯಾಗ ಅವಲಕ್ಕಿ ಛಲೋ ಇತ್ತೇನ್ರಿ?” ಅವಳೂ ಗೋಡೆಗೇ ಕೇಳಿದಳು.

ಅವನು ಹಣೆ ಚಚ್ಚಿಕೊಂಡ. “ಅಯ್ಯ... ಗಂಡು ನಮ್ಮ ಚಿಕ್ಕಪ್ಪನ ಮಗ ವಿಶಾಲ ರೀ. ನಾಚಿ ಮೂಲ್ಯಾಗ ಹೋಗಿ ಕುಂತಾ. ನಡುವಿನ ಕುರ್ಚಿ ಖಾಲಿ ಇತ್ತಂತ ನಾ ಕುಂತೆ. ಹೆಸರ ಕೇಳೂಕಿಂತ ಮೊದಲ ತಾಟ ಬಂತು.”

“ನೀವ ತಿಂದ್ರಿ?”

“ಹಸದಿತ್ರಿ. ಮುಂದ ಎಲ್ಲಾರೂ ನಕ್ಕ, ನನ್ನ ಎಬ್ಬಿಸಿ ವಿಶಾಲನ್ನ ಕುಂಡ್ರಿಸಿದ್ರು. ವಿಶಾಲಗ ಆಕಿ ಪಸಂದ್ ಆಗ್ಯಾಳ.”

ಐದು ದಿನದ ಮೇಲೆ ಕಾಂಚನಾ ನಕ್ಕಳು, ಗೋಡೆಗೇ. ಅವನು ಮೊಬೈಲ್ ತೆಗೆದು ಒಂದು ಫೋಟೋ ಅವಳ ಮುಂದೆ ಹಿಡಿದ. ಯಾವುದೋ ಮನೆ. ಬಾಗಿಲ ಬಳಿ ಒಂದು ನೀರಿನ ಬಟ್ಟಲು, ಕಿಟಕಿಯ ಕೆಳಗೆ ಒಂದು, ದೇವರ ಮೂಲೆಯ ಹತ್ತಿರ ಒಂದು. ಗಿಡ್ಡ ಅಂಚಿನ ತಗಡಿನ ತುಂಬ ಮರಳು.

“ಬೆಕ್ಕ ಎಲ್ಲೈತ್ರಿ?”

“ಬೆಕ್ಕಿಲ್ಲ. ನಮ್ಮ ಬಾಡಗಿ ಮನಿ ಇದು. ಇಟ್ಟು ಹದಿನೈದ ದಿನಾ ಆತು. ನಮ್ಮವ್ವ ದಿನಾ ನೀರ ಬದಲಸ್ತಾಳ, ಯಾರ ಬರಾವ್ರೋ ಅಂತ ಕೇಳತಾಳ.”

“ಏನ ಹೇಳೀರಿ?”

“ಇಬ್ಬರ ಬರಬೇಕು ಅಂದೆ. ಒಬ್ಬಾಕೀಗೆ ಹದಿನಾಕ ವರ್ಷ, ಕೀಲನೋವು. ಇನ್ನೊಬ್ಬಾಕಿ... ಮಾತ ಬಿಟ್ಟಾಳ ಅಂದೆ.”

ಹಿಂದೆ ಮರಳು ಕೆದರುವ ಸದ್ದಾಯಿತು. ಬಾಯಕ್ಕ ಹಗುರಾಗಿ ನಡೆದು ಬಂದು ಅವಳ ಕಾಲಿಗೆ ಬೆನ್ನು ತೀಡಿತು. ಆಮೇಲೆ ಅವನ ಕಾಲಿಗೂ ತೀಡಿ ಪಡಸಾಲೆಗೆ ಹೋಯಿತು. ಕಂಬದ ಬುಡದಲ್ಲಿ ಅದು ಕೂತದ್ದು ಕಂಡು ದುಂಡವ್ವ ಒಲೆ ಬಿಟ್ಟು ಬಂದು, ನಿಂತಿದ್ದ ಪದವನ್ನು ಮತ್ತೆ ಎತ್ತಿಕೊಂಡಳು.

ಕಾಂಚನಾ ಕಣ್ಣು ಒರೆಸಿಕೊಂಡು ಅವನತ್ತ ತಿರುಗಿದಳು.

“ಬರೂ ರವಿವಾರ ನಿಮ್ಮವ್ವನ್ನ ಕರಕೊಂಡ ಬರ್ರಿ. ಅವಲಕ್ಕಿ ಮಾಡತೀನಿ.”

“ಮೊದಲ ತಾಟ ಯಾರ ಮುಂದ ಇಡಾವ್ರು?”

“ನಡುವಿನ ಕುರ್ಚ್ಯಾಗ ಕುಂತಾವ್ರ ಮುಂದ,” ಅಂದಳು ಅವಳು. “ಈ ಸಲ ಜಾಗಾ ಬಿಟ್ಟ ಏಳಬ್ಯಾಡ್ರಿ.”