ಒಂದೇ ಬಡಿತ

ಆಸ್ಪತ್ರೆಯ ಸರ್ವರಿಗೆ ಆಜ್ಞೆ ಕೊಟ್ಟು ನಾಲ್ಕನೆಯ ಕಂಟೈನರನ್ನು ಬ್ರಿಡ್ಜಿನಿಂದ ಕಿತ್ತೆ. ಸರ್ವರ್ ಮತ್ತೆ ಕುಸಿಯಿತು. ಮೇಲಿನ ಶಿಶು ವಾರ್ಡಿನಲ್ಲಿ ಎದೆಬಡಿತ ತೋರಿಸುವ ಪರದೆಗಳೆಲ್ಲ ಕಪ್ಪಾದವು.

"ತೊಟ್ಟಿಲಿಗೊಬ್ರು ಮಗು ಎದೆ ಮೇಲೆ ಕೈಯಿಟ್ಟು ನಿಂತಿದ್ದೀವಿ ಕಣೇ," ಎಂದರು ಫೋನಿನಲ್ಲಿ ನರ್ಸಕ್ಕ.

"ಹಾಗೇ ನಿಂತಿರಿ ಅಕ್ಕಾ. ಪರದೆ ನಂಬಬೇಡಿ."

ಆ ಸರ್ವರಿನಲ್ಲಿ ನಾವು ಓಡಿಸುತ್ತಿದ್ದದ್ದು ಮೂರೇ ಕಂಟೈನರ್, ಅಂದರೆ ಗೋಡೆ ಕಟ್ಟಿಕೊಂಡ ಪುಟ್ಟ ಕೋಣೆಗಳಂಥ ಪ್ರೋಗ್ರಾಮುಗಳು. ಅವನ್ನು ಜೋಡಿಸುವ ಬ್ರಿಡ್ಜಿನ ಮೇಲೆ ಮಕ್ಕಳ ಎದೆಬಡಿತ ಹಾದುಹೋಗುತ್ತಿತ್ತು. ನಾಲ್ಕನೆಯದನ್ನು ಯಾರೂ ಮಾಡಿರಲಿಲ್ಲ. ಅದು ಕೂತಿದ್ದಷ್ಟು ಹೊತ್ತೂ ಎಲ್ಲ ಮಕ್ಕಳ ಪರದೆಯಲ್ಲಿ ಒಂದೇ ಬಡಿತ ಕಾಣುತ್ತಿತ್ತು; ಯಾವ ಮಗುವಿನದು ನಿಂತರೂ ತಿಳಿಯುತ್ತಿರಲಿಲ್ಲ. ತೆಗೆದರೆ ಸರ್ವರ್ ಬೀಳುತ್ತಿತ್ತು. ಎಬ್ಬಿಸಿದರೆ ಅದು ಮೊದಲೇ ಬಂದು ಕೂತಿರುತ್ತಿತ್ತು.

ಬಿಸಿಗಾಳಿ ಉಗುಳಬೇಕಾದ ಸರ್ವರಿನ ಬೆನ್ನಿನಿಂದ ತಣ್ಣನೆಯ, ಒದ್ದೆ ಗಾಳಿ ಬರುತ್ತಿತ್ತು. ನೆಟ್‌ವರ್ಕ್ ಕೇಬಲನ್ನೇ ಕಿತ್ತು ನೆಲಕ್ಕೆಸೆದೆ. ಖಾಲಿ ತೂತಿನ ಪಕ್ಕದ ಹಸಿರು ದೀಪ ಅದೇ ಬಡಿತದಲ್ಲಿ ಮಿನುಗುತ್ತಲೇ ಇತ್ತು.

ನಾವೆಲ್ಲ ಮಾವ ಎಂದು ಕರೆಯುವ ಹಿರಿಯ ಇಂಜಿನಿಯರ್ ಕೀಬೋರ್ಡನ್ನು ನನ್ನತ್ತ ತಳ್ಳಿದ.

"ಆ ನಾಲ್ಕನೇದಕ್ಕೆ ಬ್ರಿಡ್ಜಲ್ಲೊಂದು ಖಾಯಂ ವಿಳಾಸ ಕೊಟ್ಬಿಡು ತಾಯಿ, ಅಲ್ಲೇ ಇದ್ಕೊಳ್ಲಿ. ಆಮೇಲೆ ಸರ್ವರ್ ಬೀಳೋದೇ ಇಲ್ಲ. ಹಳೇ ಆಸ್ಪತ್ರೇಲಿ ನಾನೂ ಕೊಟ್ಟಿದ್ದೆ."

"ದಿನವಿಡೀ ಬೀಳ್ಲಿ ಮಾವ, ಎಬ್ಬಿಸ್ತೀನಿ," ಎಂದೆ. "ಕೊಡಲ್ಲ."