ನನ್ನ ತಪ್ಪು ನನಗೆ ಕೊಡಿ

"ಏಯ್, ಯಾರಮ್ಮ ನೀನು? ಆ ವಾಲ್ವ್ ಮುಟ್ಬೇಡ!"

ತಲೆಯ ಮೇಲಿಂದ ಬಂದ ಗದರಿಕೆಗೆ ಅವಳ ಕೈ ಅಲ್ಲೇ ನಿಂತಿತು. ಕತ್ತೆತ್ತಿ ನೋಡಿದಳು. ಎತ್ತರದ ಕಬ್ಬಿಣದ ಅಟ್ಟಣಿಗೆಯ ಮೇಲೆ, ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು ಒಬ್ಬ ಕೂತಿದ್ದ. ಮುಖದ ತುಂಬ ಮಸಿ.

ಕೋಪ ಅವಳ ಮೂಗಿನ ತುದಿಯಲ್ಲೇ ಇತ್ತು.

"ಈ ಪ್ಲಾಂಟ್ ನಡೆಸೋಕೆ ಬಂದಿರೋಳು. ಹೊಸ ಕೆಮಿಸ್ಟ್. ನೀವ್ಯಾರು?"

ಮೇಲಿದ್ದವನು ಬಗ್ಗಿ ಅವಳನ್ನು ನೋಡಿದ. ಕ್ಷಮೆ ಕೇಳುತ್ತಾನೆ ಅಂದುಕೊಂಡಳು. ಎಲ್ಲಿಯ ಕ್ಷಮೆ...

"ಫಿಟ್ಟರ್. ಪ್ಲಾಂಟ್ ನಡೆಸೋರು ಮೊದಲು ಹೆಲ್ಮೆಟ್ ಹಾಕ್ಕೊಂಡು ಬನ್ನಿ ಮೇಡಂ. ನನ್ನ ಕೈಯಿಂದ ಸ್ಪ್ಯಾನರ್ ಜಾರಿದ್ರೆ, ನಾಳೆ ಇನ್ನೊಬ್ಬ ಕೆಮಿಸ್ಟನ್ನ ಹುಡುಕ್ಬೇಕಾಗತ್ತೆ."

ಸುತ್ತಲಿದ್ದವರು ಕಿಸಕ್ಕೆಂದರು. ಅವಳಿಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ ಆ ಉರಿ.

ಮನೆಯಲ್ಲೂ ಅವಳಿಗೆ ಇಂಥದೇ ಮರ್ಯಾದೆ. "ಇಷ್ಟು ಓದಿ ಕೊನೆಗೆ ಕಸಕ್ಕೇ ಹೋದ್ಯಲ್ಲೇ," ಎಂದು ಅಮ್ಮ ದಿನಾ ರಾಗ ಎಳೆಯುತ್ತಿದ್ದಳು. ಹಾಗನ್ನುತ್ತಲೇ ಹಾಲಿನ ಕವರುಗಳನ್ನು ತೊಳೆದು, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಮಗಳ ಊಟದ ಚೀಲಕ್ಕೆ ತುರುಕುತ್ತಿದ್ದವಳೂ ಆ ಅಮ್ಮನೇ.

"ತಗೊಂಡು ಹೋಗು. ನಿನ್ನ ಒಲೆಗೆ ಹಾಕು."

ಅಮ್ಮ ಒಲೆ ಅನ್ನುತ್ತಿದ್ದದ್ದು ಒಂದು ದೊಡ್ಡ ಉಕ್ಕಿನ ಪಾತ್ರೆಗೆ. ಗುಜರಿಯವರೂ ಮೂಸಿ ನೋಡದ ಹರಿದ ಕವರು, ಕೊಳಕು ಹಾಳೆ ಎಲ್ಲವನ್ನೂ ಅದರಲ್ಲಿ ತುಂಬಿ, ಗಾಳಿ ಆಡದಂತೆ ಮುಚ್ಚಿ, ಹೊರಗಿನಿಂದ ಕಾಯಿಸುತ್ತಿದ್ದರು. ಗಾಳಿ ಇಲ್ಲದ್ದರಿಂದ ಪ್ಲಾಸ್ಟಿಕ್ ಸುಡುತ್ತಿರಲಿಲ್ಲ. ಕರಗಿ, ಆವಿಯಾಗಿ, ಪೈಪಿನಲ್ಲಿ ತಣಿದು ಎಣ್ಣೆಯಾಗಿ ಇಳಿಯುತ್ತಿತ್ತು. ಆ ಎಣ್ಣೆಯಿಂದ ಮತ್ತೆ ಹೊಚ್ಚ ಹೊಸ ಪ್ಲಾಸ್ಟಿಕ್ ಮಾಡಬಹುದಿತ್ತು.

ಒಂದು ದಿನ ಚಹಾದ ಹೊತ್ತಿಗೆ ಫಿಟ್ಟರ್ ಎದುರು ಬಂದು ಕೂತ.

"ಮೇಡಂ, ಸುಡಲ್ಲ ಅಂತೀರಿ. ಮತ್ತೆ ಒಳಗೆ ಅದಕ್ಕೆ ಏನಾಗತ್ತೆ?"

"ನಮ್ಮಮ್ಮ ಹಳೇ ಸ್ವೆಟರ್ ಬಿಚ್ಚಿ ದಾರ ಮಾಡ್ಕೋತಾಳೆ. ಅದೇ ದಾರದಲ್ಲಿ ಹೊಸದು ಹೆಣೀತಾಳೆ. ನಾವು ಮಾಡೋದೂ ಅಷ್ಟೇ, ಬಿಚ್ಚೋದು."

ಅವನು ನಕ್ಕ. ಮಸಿ ಇಲ್ಲದಾಗ ಆ ಮುಖ ಇಷ್ಟು ಚೆನ್ನಾಗಿದೆಯಾ ಎಂದು ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಆಮೇಲೆ ಅವನನ್ನು ಗಮನಿಸದೆ ಇರುವುದು ಅವಳಿಂದ ಆಗಲಿಲ್ಲ. ಪೈಪಿನ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ಎಂದು ನೋಡುತ್ತಿದ್ದ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ... 'ಇಂಥವನ ಕೈಯಲ್ಲಿ ಏನು ಕೊಟ್ಟರೂ ಭದ್ರ,' ಅಂದುಕೊಂಡಳು. ಏನು ಕೊಡಬೇಕು ಎಂದು ಮಾತ್ರ ಯೋಚಿಸಲು ಹೋಗಲಿಲ್ಲ.

ಎಣ್ಣೆ ಕೊಳ್ಳುವ ಕಂಪನಿಯವರು ಪ್ಲಾಂಟ್ ನೋಡಲು ಬರುವ ದಿನ ಬಂತು. ಅವರು ಒಪ್ಪಿದರೆ ಪ್ಲಾಂಟ್ ಉಳಿಯುತ್ತದೆ. ಇಲ್ಲವಾದರೆ ಬಾಗಿಲು ಹಾಕುವುದೇ ಸರಿ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಅವಳು. ಗಾಜಿನಾಚೆ ಕನ್ನಡಕದ ಹಿರಿಯ ಅಧಿಕಾರಿಣಿ ಮತ್ತು ಅವರ ಕಡೆಯವರು.

ಎಣ್ಣೆ ಇಳಿಯತೊಡಗಿತು. ಆದರೆ ಸಣ್ಣ ಧಾರೆ.

'ಇಷ್ಟೇನಾ ಅಂದುಕೊಂಡರೆ?' ಅವಳು ಗಾಜಿನಾಚೆ ನೋಡಿದಳು. ಆವಿಯನ್ನು ತಣಿಸುವ ನೀರಿನ ವಾಲ್ವನ್ನು ಪೂರ್ತಿ ತಿರುಗಿಸಿದಳು. ಧಾರೆ ದಪ್ಪವಾಯಿತು. ಅವಳ ಮುಖ ಅರಳಿತು.

ಸ್ವಲ್ಪ ಹೊತ್ತಿಗೆ ಧಾರೆ ಸಣ್ಣಗಾಯಿತು. ಪ್ರೆಶರ್ ಮುಳ್ಳು ಮೇಲೇರಿತು. ಏನಾಯಿತು ಎಂದು ಅವಳು ಯೋಚಿಸುವಷ್ಟರಲ್ಲಿ, ಕೆಳಗಿದ್ದ ಫಿಟ್ಟರ್ ಯಾರನ್ನೂ ಕೇಳದೆ ಪಾತ್ರೆ ಕಾಯಿಸುವ ಬರ್ನರ್ ಆರಿಸಿಬಿಟ್ಟ.

ಪ್ಲಾಂಟ್ ನಿಂತಿತು.

"ಏನಯ್ಯಾ ಇದು?" ಮ್ಯಾನೇಜರ್ ಕೆಂಪಾದರು.

ಫಿಟ್ಟರ್ ತಲೆ ಎತ್ತಿ ಕಂಟ್ರೋಲ್ ರೂಮಿನ ಕಡೆ ಒಮ್ಮೆ ನೋಡಿದ. ಆಮೇಲೆ ತಣ್ಣಗೆ ಹೇಳಿದ.

"ಜಾಯಿಂಟ್ ಸರಿಯಾಗಿ ಬಿಗಿದಿರಲಿಲ್ಲ ಸಾರ್. ನನ್ನ ತಪ್ಪು."

ಅವಳು ಮೆಟ್ಟಿಲಿಳಿದು ಬಂದಳು. ಫಿಟ್ಟರ್ ಎದುರು ನಿಂತಳು.

"ಎಲ್ಲರಿಗಿಂತ ಹೆಚ್ಚು ನಿಮ್ಮನ್ನ ನಂಬಿದ್ದೆ. ಅದೇ ನಾನು ಮಾಡಿದ ತಪ್ಪು."

ಅವನು ಕೈಯ ಮಸಿ ಒರೆಸಿಕೊಂಡ. ನಾಳೆ ಬಂದು ಸಾಮಾನು ತಗೊಂಡು ಹೋಗು ಎಂದರು ಮ್ಯಾನೇಜರ್.

ಮರುದಿನ ಬೆಳಿಗ್ಗೆ ಪಾತ್ರೆ ಆರಿದ ಮೇಲೆ ಅವಳೇ ನಿಂತು ಪೈಪ್ ಬಿಚ್ಚಿಸಿದಳು. ಜಾಯಿಂಟ್ ಕಲ್ಲಿನಂತೆ ಗಟ್ಟಿಯಾಗಿತ್ತು. ಬಿಚ್ಚಲು ಇಬ್ಬರು ಬೇಕಾದರು. ಪೈಪಿನೊಳಗೆ ಬೆಳ್ಳಗೆ, ಹೆಪ್ಪುಗಟ್ಟಿದ ತುಪ್ಪದ ಹಾಗೆ, ಮೇಣ ಅಡ್ಡ ಕೂತಿತ್ತು.

ನೋಡಿದೊಡನೆ ಅವಳಿಗೆ ಎಲ್ಲ ಅರ್ಥವಾಯಿತು. ಅತಿಯಾಗಿ ತಣಿಸಿದರೆ ಆವಿ ಎಣ್ಣೆಯಾಗಿ ಹರಿಯದೆ ಮೇಣವಾಗಿ ಕಟ್ಟುತ್ತದೆ. ಪಾಠ ಹೇಳಿಕೊಡುವಷ್ಟು ಗೊತ್ತಿದ್ದ ವಿಷಯ! ಧಾರೆ ದಪ್ಪ ಕಾಣಲಿ ಎಂಬ ಆಸೆಗೆ ತಾನೇ ಮರೆತಿದ್ದಳು. ಅವನು ಬರ್ನರ್ ಆರಿಸದಿದ್ದರೆ, ದಾರಿ ಸಿಗದ ಆವಿಗೆ ಪಾತ್ರೆ ಸಿಡಿಯುತ್ತಿತ್ತೋ ಏನೋ...

ಮೊದಲು ನಾಚಿಕೆಯಾಯಿತು. ಕಣ್ಣು ತುಂಬಿತು. ಅದರ ಬೆನ್ನಿಗೇ ಕೋಪ ಬಂತು. ಎಂಥ ಕೋಪ ಅಂತೀರಿ, ಆ ಮೇಣದ ಗಟ್ಟಿಯನ್ನು ಕೈಯಲ್ಲಿ ಹಿಡಿದು ಸೀದಾ ವರ್ಕ್‌ಶಾಪಿಗೆ ನಡೆದಳು. ಫಿಟ್ಟರ್ ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ಯಾರು ಕೇಳಿದ್ರು ನಿಮ್ಮನ್ನ?"

ಅವನು ಮೇಣ ನೋಡಿದ. ತನ್ನ ಸುಳ್ಳು ಬಯಲಾಯಿತು ಎಂದು ಗೊತ್ತಾಯಿತು.

"ಮೇಡಂ, ನನಗೆ ಇನ್ನೊಂದು ಕಡೆ ಕೆಲಸ ಸಿಗತ್ತೆ. ಆ ಕುರ್ಚಿ ನಿಮಗೆ ಮತ್ತೆ ಸಿಗಲ್ಲ."

"ಅದಕ್ಕೆ ನನ್ನ ತಪ್ಪನ್ನ ಎತ್ಕೊಂಡು ಹೋಗ್ತೀರಾ? ಅದು ನಂದು. ನನಗೆ ವಾಪಸ್ ಕೊಡಿ."

"ಅಲ್ಲ ಮೇಡಂ..."

"ನಾಳೆ ಎಲ್ಲರೂ ಜಾಯಿಂಟ್ ನೋಡ್ತಾ ಕೂತಿರ್ತಾರೆ. ನೀರು ಹಾಗೇ ಹರಿಯತ್ತೆ, ಮತ್ತೆ ಮೇಣ ಕಟ್ಟತ್ತೆ. ಆಗ ಬರ್ನರ್ ಆರಿಸೋಕೆ ನೀವಿರಲ್ಲ. ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?"

ಅವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಇಷ್ಟು ಯೋಚನೆ ಮಾಡಲಿಲ್ಲ. ಎಲ್ಲರೆದುರು ನೀವು ತಲೆ ತಗ್ಗಿಸೋದನ್ನ ನೋಡೋಕೆ ಆಗಲಿಲ್ಲ, ಅಷ್ಟೇ."

ಆ ಮಾತಿಗೆ ಅವಳ ಕೋಪ ಅರ್ಧ ಇಳಿಯಿತು.

"ತಪ್ಪು ಒಪ್ಪಿಕೊಂಡ್ರೆ ತಲೆ ತಗ್ಗುತ್ತೆ ಅಂತ ಯಾರು ಹೇಳಿದ್ದು? ಬನ್ನಿ ನನ್ನ ಜೊತೆ. ನೋಡಿ."

ಮ್ಯಾನೇಜರ್ ಕೋಣೆಯಲ್ಲಿ, ರಾತ್ರಿ ಊರಲ್ಲೇ ಉಳಿದಿದ್ದ ಕಂಪನಿಯವರು ಹೊರಡಲು ಸಿದ್ಧರಾಗಿದ್ದರು. ಅವಳು ಮೇಣದ ಗಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಜಾಯಿಂಟಿಗೆ ಏನೂ ಆಗಿಲ್ಲ ಸಾರ್. ಎಣ್ಣೆ ಜಾಸ್ತಿ ಕಾಣಲಿ ಅಂತ ನಾನು ತಣ್ಣೀರು ಪೂರ್ತಿ ಬಿಟ್ಟೆ. ಮೇಣ ಕಟ್ಟಿತು. ಇವರು ಹೊತ್ತಿಗೆ ಸರಿಯಾಗಿ ಆರಿಸಿದ್ರು, ಅದಕ್ಕೇ ನಾವೆಲ್ಲ ಇಲ್ಲಿ ನಿಂತು ಮಾತಾಡ್ತಿದೀವಿ. ಕೆಲಸದಿಂದ ತೆಗೀಬೇಕು ಅಂದ್ರೆ ನನ್ನನ್ನ ತೆಗೀರಿ."

ಅವಳ ಧ್ವನಿ ನಡುಗಿತು. ಕತ್ತು ಮಾತ್ರ ನೆಟ್ಟಗೇ ಇತ್ತು.

ಹಿರಿಯ ಅಧಿಕಾರಿಣಿ ಮೇಣವನ್ನು ಉಗುರಿನಿಂದ ಕೆರೆದು ನೋಡಿದರು.

"ಸಡಿಲ ಜಾಯಿಂಟ್ ಇರೋ ಪ್ಲಾಂಟಿಗೆ ನಾನು ತಿರುಗಿ ಬರ್ತಿರಲಿಲ್ಲಮ್ಮ," ಎಂದರು. "ನೀರು ಕಡಿಮೆ ಮಾಡೋಕೆ ನಿನಗೆ ಬರತ್ತಲ್ಲ? ಹಾಗಾದ್ರೆ ಇನ್ನೊಂದು ಸಲ ನಡೆಸಿ ತೋರಿಸು."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಫಿಟ್ಟರ್ ಕಡೆ ತಿರುಗಿ, "ಚೀಲ ಒಳಗಿಡಯ್ಯ," ಅಂದರು.

ಅವರು ತಿರುಗಿ ಬಂದ ಆ ಎರಡನೇ ಸಲ ಅವಳಿಗೆ ಅವಸರವಿರಲಿಲ್ಲ. ನೀರು ಕಡಿಮೆ ಬಿಟ್ಟು, ಪೈಪಿನ ಸುತ್ತ ಹದವಾದ ಬಿಸಿ ಇಟ್ಟಳು. ಧಾರೆ ಸಣ್ಣದಿದ್ದರೆ ಸಣ್ಣದೇ ಇರಲಿ ಎಂದು ಕೂತಳು. ಕೆಳಗಿನಿಂದ ಫಿಟ್ಟರ್ ಹೆಬ್ಬೆರಳು ಎತ್ತಿ ತೋರಿಸಿದ. ಬೆಳಿಗ್ಗೆ ಶುರುವಾದ ಧಾರೆ ಸಂಜೆಯಾದರೂ ಕಡಿಯಲಿಲ್ಲ. ಕೆಲಸಗಾರರೆಲ್ಲ ತೊಟ್ಟಿಯ ಸುತ್ತ ನಿಂತು, ಎಣ್ಣೆ ಇಳಿಯುವುದನ್ನು ತಮ್ಮ ಮನೆ ಮಗು ನಡೆದದ್ದನ್ನು ನೋಡುವಂತೆ ನೋಡಿದರು. ನಾವು ಮಾಡಿದ್ದು ಇದು ಎಂಬ ಹೆಮ್ಮೆ ಎಲ್ಲರ ಮುಖದಲ್ಲೂ ಇತ್ತು.

ಕಂಪನಿ ಎಣ್ಣೆ ಕೊಂಡಿತು. ಕೆಲವು ತಿಂಗಳ ನಂತರ, ಒಂದು ಭಾನುವಾರ, ಅವಳ ಮನೆ ಬಾಗಿಲು ಬಡಿದ ಸದ್ದಾಯಿತು. ಅಮ್ಮ ಹೋಗಿ ತೆಗೆದಳು.

"ಯಾರಪ್ಪ ನೀನು?"

ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಕೈಯಲ್ಲೊಂದು ಪೊಟ್ಟಣ.

"ನಿಮ್ಮ ಮಗಳು ನಡೆಸೋ ಪ್ಲಾಂಟಿನಲ್ಲಿ ಫಿಟ್ಟರ್ ಅಮ್ಮಾ."

ಒಳಗಿದ್ದ ಅವಳು ಆ ಮಾತು ಕೇಳಿ ಅಲ್ಲೇ ನಿಂತಳು. ಅವಳ ಕಣ್ಣು ಮಂಜಾಯಿತು.

ಪೊಟ್ಟಣದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅವರ ಎಣ್ಣೆಯಿಂದ ಆ ಕಂಪನಿ ಮಾಡಿದ ಮೊದಲ ಡಬ್ಬಿಗಳಲ್ಲಿ ಒಂದು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೂಲಕ ಆಚೆಯ ಮರ ಸ್ಪಷ್ಟವಾಗಿ ಕಂಡಿತು.

"ನಾನು ತೊಳೆದು ಕೊಟ್ಟ ಕವರೂ ಇದರಲ್ಲಿದೆಯಾ?"

"ಇರಲೇಬೇಕಮ್ಮಾ."

ಅಮ್ಮ ಡಬ್ಬಿಯನ್ನು ಸೆರಗಿನಿಂದ ಒರೆಸಿ, ಬಂದವರಿಗೆಲ್ಲ ಕಾಣುವ ಹಾಗೆ ಟೀವಿ ಪಕ್ಕ ಇಟ್ಟಳು. "ನನ್ನ ಮಗಳು ಮಾಡಿದ್ದು," ಎಂದು ತನಗೇ ಹೇಳಿಕೊಂಡು ಚಹಾ ಮಾಡಲು ಒಳಗೆ ಹೋದಳು.

ಇಬ್ಬರೇ ಉಳಿದರು.

"ಡಬ್ಬಿ ಕೊಡೋಕೆ ಇಷ್ಟು ಇಸ್ತ್ರಿ ಬೇಕಿತ್ತಾ?" ಅವಳು ಕೇಳಿದಳು.

"ಡಬ್ಬಿ ಒಂದು ನೆಪ ಮೇಡಂ." ಅವನು ತನ್ನ ಕೈಗಳನ್ನು ನೋಡಿಕೊಂಡ. "ನೀವಂದ್ರೆ ನನಗೆ ತುಂಬಾ ಇಷ್ಟ. ಅವತ್ತು ಹೆಲ್ಮೆಟ್ ಇಲ್ಲದೆ ನಿಂತು ನನ್ನನ್ನೇ ದಬಾಯಿಸಿದ್ರಲ್ಲ, ಆಗಿನಿಂದ."

"ಮತ್ತೆ ನನ್ನ ತಪ್ಪೆಲ್ಲ ಹೊತ್ಕೊಳ್ಳೋಕೆ ಬರ್ತೀರಾ?"

"ಇಲ್ಲ. ತಪ್ಪು ನಿಮ್ಮದು ನಿಮಗೇ. ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೇ."

ಅವಳು ಅವನ ಕೈ ಹಿಡಿದಳು. ಸೋಪಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಮಸಿ ಉಗುರಿನ ಸಂದಿಯಲ್ಲಿತ್ತು.

"ಮೇಡಂ ಅನ್ನೋದು ಪ್ಲಾಂಟಿನೊಳಗೆ ಮಾತ್ರ."

"ಮನೇಲಿ ಏನನ್ನಲಿ?"

"ಯಾರಮ್ಮ ನೀನು ಅಂತ ಒಂದು ಸಲ ಕೇಳಿದ್ರಲ್ಲ. ಈಗ ಮತ್ತೆ ಕೇಳಿ."

ಅವನು ನಕ್ಕು, ಮೆಲ್ಲಗೆ ಕೇಳಿದ. "ಯಾರಮ್ಮ ನೀನು?"

"ನಿನ್ನೋಳು," ಅಂದಳು.