ಹಿರಿಯಡ್ಕ ಬಿಟ್ಟು ಬಂದ ದಾರಿ

"ಇದು ಕಾರ್ಕಳದ ದಾರಿ ಅಲ್ಲ!"

ಹರ್ಷಿಣಿಯ ಬಾಯಿಂದ ಮಾತು ಹೊರಬೀಳುವಷ್ಟರಲ್ಲಿ ಕಾರು ಮಣಿಪಾಲದ ಇಳಿಜಾರು ಇಳಿದು ಉಡುಪಿಯತ್ತ ಓಡುತ್ತಿತ್ತು.

ಸ್ಟಿಯರಿಂಗ್ ಹಿಡಿದವನು ಅವಳತ್ತ ತಿರುಗಲೂ ಇಲ್ಲ. "ಗೊತ್ತುಂಟು. ಕಾಪು ಮೇಲೆ ಹೋಗುವ. ಸಮುದ್ರ ಕಾಣ್ತದೆ... ಚಂದದ ದಾರಿ."

"ಹಿರಿಯಡ್ಕ ದಾಟಿದ್ರೆ ಆಯ್ತಲ್ಲ? ಕಾಪುವಿಗೆ ಎಂತಕ್ಕೆ ಸುತ್ತು?"

ಅವನು ಎಸಿ ಇನ್ನಷ್ಟು ಏರಿಸಿದ.

ಅವನ ಹೆಸರು ರಿತೇಶ್ ಎನ್ನುವುದಷ್ಟೇ ಅವಳಿಗೆ ಗೊತ್ತು. ಅವಳ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಐರಿನ್‌ಗೆ ನಾಳೆ ಮದುವೆ. ಇವತ್ತು ಸಂಜೆ ಕುಕ್ಕುಂದೂರಿನ ಮನೆಯಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರ. "ಪಕ್ಕದ ಮನೆಯ ರಿತೇಶ್ ಉಡುಪಿಗೆ ಬಂದಿದ್ದಾನೆ, ಅವನ ಕಾರಲ್ಲೇ ಬಾ. ಪಾಪದವನು ಮಾರಾಯ್ತಿ, ತುಂಬ ಸಾಧು" ಎಂದಿದ್ದಳು ಐರಿನ್.

ಪಾಪದವನು! ಹಾಗಾದರೆ ಈ ಸುತ್ತುದಾರಿ ಯಾಕೆ? ಎಸಿ ಇದ್ದರೂ ಹಣೆಯಲ್ಲಿ ಯಾಕೆ ಇಷ್ಟು ಬೆವರು?

ಕಾಪುವಿನಲ್ಲಿ ಅವನು ಕಡಲ ಬದಿಗೇ ಕಾರು ತಿರುಗಿಸಿದ. ಬಂಡೆಯ ಮೇಲೆ ದೀಪಸ್ತಂಭ, ಅದರಾಚೆ ಸಂಜೆ ಬಿಸಿಲಿಗೆ ಮಿನುಗುವ ನೀರು.

"ನೋಡಿ, ಎಷ್ಟು ಚಂದ ಅಲ್ವಾ?" ಎಂದ, ಬಾಯಿಪಾಠ ಒಪ್ಪಿಸುವವನ ಹಾಗೆ.

ಹೆಜಮಾಡಿಯ ಮೀನುಗಾರರ ಮನೆಯಲ್ಲಿ ಹುಟ್ಟಿದವಳಿಗೆ ಕಡಲು ತೋರಿಸುವುದೆಂದರೆ! ಅವಳು ನೋಡಿದ್ದು ಕಡಲನ್ನಲ್ಲ, ಬಾಗಿಲಿನ ಹಿಡಿಕೆಯನ್ನು. ಇಳಿದು ಓಡಲೇ? ಏನೂ ಇಲ್ಲದಿದ್ದರೆ ಐರಿನ್ ಏನೆಂದುಕೊಂಡಾಳು? ಆ ಒಂದು ನಾಚಿಕೆ ಅವಳನ್ನು ಸೀಟಿಗೇ ಕಟ್ಟಿಹಾಕಿತು. ಕಾರು ಮತ್ತೆ ಹೆದ್ದಾರಿ ದಾಟಿ ಶಿರ್ವದ ರಸ್ತೆ ಹಿಡಿಯಿತು.

ಆಗ ಅವನ ಫೋನ್ ರಿಂಗಾಯಿತು.

"ಹಾಂ ಐರಿನ್... ನಿನ್ನ ಫ್ರೆಂಡ್ ಇದ್ದಾರೆ. ಹಿರಿಯಡ್ಕ ದಾಟಿದೆವು. ಈಗ ಬರ್ತೇವೆ."

ಹರ್ಷಿಣಿ ಬೆಚ್ಚಿ ಅವನತ್ತ ತಿರುಗಿದಳು.

*ಸುಳ್ಳು! ನಾನು ಎಲ್ಲಿದ್ದೇನೆ ಅಂತ ಈಗ ಯಾರಿಗೂ ಗೊತ್ತಿಲ್ಲ... ನನ್ನನ್ನು ಹುಡುಕಿದರೂ ಹಿರಿಯಡ್ಕದಲ್ಲಿ ಹುಡುಕುತ್ತಾರೆ!*

ಬ್ಯಾಗಿನೊಳಗೇ ಫೋನಿನ ಮೇಲೆ ಬೆರಳಾಡಿಸಿ ಐರಿನ್‌ಗೆ ಮೆಸೇಜ್ ಕಳಿಸಿದಳು. ಹೋಗಲಿಲ್ಲ. ನೆಟ್‌ವರ್ಕ್ ಇಲ್ಲ. ಶಿರ್ವದ ಅಂಗಡಿ ಸಾಲು ಹಿಂದೆ ಸರಿದು, ಎರಡೂ ಬದಿ ಗೇರುಮರಗಳ ಕಪ್ಪು ನೆರಳು ಶುರುವಾಯಿತು. ಎದುರಿಗೆ ಒಂದು ಸ್ಕೂಟರ್ ಕೂಡ ಇಲ್ಲ.

"ನಿಲ್ಸಿ! ನಿಲ್ಸದಿದ್ರೆ ಹಾರ್ತೇನೆ!" ಚೀರಿಯೇಬಿಟ್ಟಳು.

ಬ್ರೇಕ್ ಒತ್ತಿದ ಹೊಡೆತಕ್ಕೆ ಕಾರು ಕಿರುಚಿ ನಿಂತಿತು. ಅವಳು ಇಳಿದು ಓಡಿದಳು. ಚಪ್ಪಲಿ ಒಂದು ಕಡೆ, ದುಪ್ಪಟ್ಟಾ ಒಂದು ಕಡೆ. ತಿರುಗಿ ನೋಡಿದರೆ... ಅವನು ಬೆನ್ನಟ್ಟಿ ಬಂದಿರಲಿಲ್ಲ! ಕಾರಿನ ಕೀಯನ್ನು ಬಾನೆಟ್ ಮೇಲಿಟ್ಟು, ಹತ್ತು ಹೆಜ್ಜೆ ದೂರ ನಡೆದು ಮೋರಿಯ ಕಟ್ಟೆಯ ಮೇಲೆ ಕುಸಿದಿದ್ದ.

"ಕೀ ತಗೊಳ್ಳಿ. ಕಾರು ತಗೊಂಡು ಹೋಗಿ. ನಾನು ಇಲ್ಲೇ ಕೂತಿರ್ತೇನೆ. ನಿಮಗೆ ಎಂತದೂ ಮಾಡುದಿಲ್ಲ..."

ಅವನ ಮೇಲೆ ಕಣ್ಣಿಟ್ಟೇ ಅವಳು ಹಿಂತಿರುಗಿ ಬಂದಳು, ಕೀ ಅವಳ ಮುಷ್ಟಿ ಸೇರಿತು. ಕಾರಿನೊಳಗೆ ಕೂತು ಲಾಕ್ ಮಾಡಿಕೊಂಡಳು. ಹೋಗಿಬಿಡಬಹುದಿತ್ತು. ಆದರೆ ಗಾಜು ಬೆರಳಗಲ ಇಳಿಸಿ ಕೇಳಿದಳು:

"ಐರಿನ್‌ಗೆ ಯಾಕೆ ಸುಳ್ಳು ಹೇಳಿದ್ರಿ?"

ಅವನು ತಲೆ ಎತ್ತಲಿಲ್ಲ.

"ಹಿರಿಯಡ್ಕದ ಈಚೆ ಒಂದು ತಿರುವು ಉಂಟು. ಅಲ್ಲಿ... ನನ್ನ ಅಣ್ಣ ಪ್ರಖ್ಯಾತ್ ತೀರಿಹೋದದ್ದು. ಕಾರು ಓಡಿಸ್ತಾ ಇದ್ದದ್ದು ನಾನು. ದನ ಅಡ್ಡ ಬಂತು. ಮರುವರ್ಷದಿಂದ ಎಲ್ಲರೂ ಹೇಳ್ತಾರೆ, ರಿತೇಶ್ ಸರಿಯಾದ, ಮೊದಲಿನ ಹಾಗೆ ಆದ ಅಂತ. ಅಮ್ಮ ಅದನ್ನು ನಂಬಿಕೊಂಡು ಊಟ ಮಾಡ್ತಾಳೆ. ನಾನು ಆ ರಸ್ತೆಗೆ ಹೋಗುದೇ ಇಲ್ಲ ಅಂತ ಯಾರಿಗೂ ಗೊತ್ತಿಲ್ಲ. ಉಡುಪಿಗೆ ಹೋಗ್ಬೇಕಾದ್ರೆ ಪ್ರತಿ ಸಲ ಹೀಗೇ ಸುತ್ತು."

ಗೇರುತೋಟದಲ್ಲೆಲ್ಲೋ ನವಿಲು ಕೂಗಿತು. ಹರ್ಷಿಣಿಯ ಎದೆಯಲ್ಲಿ ಭಯ ಇನ್ನೂ ಬಡಿಯುತ್ತಲೇ ಇತ್ತು, ಅದರ ಜೊತೆ ಸಿಟ್ಟೂ ಬಂತು.

"ನಿಮ್ಮ ಹೆದರಿಕೆ ಮುಚ್ಚಲಿಕ್ಕೆ ನನ್ನನ್ನು ಸಾಯುವಷ್ಟು ಹೆದರಿಸಿದ್ರಿ. ಗೊತ್ತಾಯ್ತಾ?"

"ಗೊತ್ತಾಯ್ತು." ಅವನ ಕಣ್ಣು ತುಂಬಿತ್ತು. "ನೀವು ಚೀರುವವರೆಗೆ ಗೊತ್ತಾಗ್ಲಿಲ್ಲ. ತಪ್ಪಾಯ್ತು."

ಅವನು ಸಮಜಾಯಿಷಿ ಕೊಡಲಿಲ್ಲ. ಅವಳಿಗೆ ಅದೇ ತಾಗಿತು. ಕೈ ಚಾಚಿ ಹಿಂದಿನ ಬಾಗಿಲಿನ ಲಾಕ್ ತೆಗೆದಳು.

"ಹಿಂದೆ ಕೂತ್ಕೊಳ್ಳಿ. ನಾನು ಓಡಿಸ್ತೇನೆ. ದಾರಿ ಮಾತ್ರ ಹೇಳಿ."

ಬೆಳ್ಮಣ್, ನಿಟ್ಟೆ ದಾಟಿ ಕುಕ್ಕುಂದೂರು ಮುಟ್ಟುವಾಗ ರೋಸ್ ಶುರುವಾಗಿತ್ತು. "ಯಾಕೆ ತಡ?" ಎಂದು ಐರಿನ್ ಗದರಿದಾಗ ರಿತೇಶನೇ ಮುಂದೆ ಬಂದ.

"ನಾನು ಸುಳ್ಳು ಹೇಳಿದೆ ಐರಿನ್. ಹಿರಿಯಡ್ಕದಲ್ಲಿ ಬರ್ಲಿಲ್ಲ. ನನಗೆ ಆ ತಿರುವು ದಾಟುವ ಧೈರ್ಯ ಇಲ್ಲ."

ಬಾಗಿಲ ಬಳಿ ನಿಂತಿದ್ದ ಅವನ ತಾಯಿ ಪ್ರಫುಲ್ಲಾ ಸೆರಗು ಬಾಯಿಗೊತ್ತಿಕೊಂಡರು. "ಒಬ್ಬನೇ ಹೊತ್ತುಕೊಂಡಿದ್ಯಾ ಮಗಾ..." ಎಂದು ಎಲ್ಲರೆದುರೇ ಅವನನ್ನು ತಬ್ಬಿದರು. ತನ್ನ ಕೆನ್ನೆಯೂ ಒದ್ದೆಯಾಗಿದೆ ಎಂದು ಹರ್ಷಿಣಿಗೆ ಆಮೇಲೆ ಗೊತ್ತಾಯಿತು.

ಆಮೇಲೆ ಅವನು ಫೋನ್ ಮಾಡಿದ, ಇನ್ನೊಮ್ಮೆ ಕ್ಷಮೆ ಕೇಳಲು. ಮತ್ತೆ ಅವಳು ಮಾಡಿದಳು, ಸುಮ್ಮನೆ. ಮಳೆಗಾಲ ಕಳೆಯುವಷ್ಟರಲ್ಲಿ ಅವನ ಫೋನ್ ಬರದ ದಿನ ಅವಳಿಗೆ ಊಟ ಸೇರದಾಯಿತು.

ಒಂದು ಭಾನುವಾರ ಬೆಳಿಗ್ಗೆ ಅವನು ಬಸ್ಸಿನಲ್ಲಿ, ಶಿರ್ವ ಸುತ್ತಿಕೊಂಡು, ಮಣಿಪಾಲಕ್ಕೆ ಬಂದು ನಿಂತ.

"ಇವತ್ತು ಆ ತಿರುವಿಗೆ ಹೋಗ್ಬೇಕು. ನೀವು ಬರ್ತೀರಾ?"

"ಯಾವಾಗ ಬೇಡ ಅನಿಸಿದ್ರೂ ವಾಪಸ್ ಬರುವ. ಆಯ್ತಾ?" ಎಂದಳು.

ಅವಳ ಸ್ಕೂಟರಿನ ಹಿಂದೆ ಅವನು. ಪರ್ಕಳ ದಾಟುತ್ತಲೇ ಅವನ ಉಸಿರು ಏರಿತು. ತಿರುವು ಕಂಡಾಗ ಅವಳ ಭುಜ ಬಿಗಿಯಾಗಿ ಹಿಡಿದ. ಹರ್ಷಿಣಿಗೂ ಭಯ... *ಇವನಿಗೇನಾದರೂ ಆದರೆ?* ಅಂಥ ಭಯ ಅವಳಿಗೆ ಹೊಸದು.

ರಸ್ತೆ ಬದಿ ನಿಲ್ಲಿಸಿದಳು. ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ಅವನು ಕಣ್ಣು ಮುಚ್ಚಿ, ಅವಳ ಕೈ ಹಿಡಿದು, ಬಹಳ ಹೊತ್ತು ಅತ್ತ. ಅವಳು ಕೈ ಬಿಡಲಿಲ್ಲ.

"ಅಣ್ಣನಿಗೆ ಒಂದು ಮಾತು ಹೇಳ್ಲಿಕ್ಕೆ ಉಂಟು," ಎಂದ ಕೊನೆಗೆ, ಮುಖ ಒರೆಸಿಕೊಳ್ಳುತ್ತ.

"ಎಂತ?"

"ಹರ್ಷಿಣಿಯನ್ನು ಮದುವೆ ಆಗ್ತೇನೆ ಅಂತ."

"ಮೊದಲು ನನ್ನ ಹತ್ರ ಕೇಳಿ ಮಾರಾಯ್ರೇ!"

"ಕೇಳ್ಲಿಕ್ಕೇ ಹೆದರಿಕೆ..."

"ಹೆದರಿಕೊಂಡೇ ಕೇಳಿ."

ಅವನು ಕೇಳಿದ. ಇನ್ನೊಂದು ಲಾರಿ ಹಾದುಹೋದ ಗದ್ದಲದಲ್ಲಿ ಅವಳ ಉತ್ತರ ಅವನಿಗೆ ಕೇಳಿಸಲೇ ಇಲ್ಲ.

"ಎಂತ ಹೇಳಿದ್ರಿ?"

ಹರ್ಷಿಣಿ ಅವನ ಕಿವಿಯ ಹತ್ತಿರ ಬಾಗಿ ಮತ್ತೊಮ್ಮೆ ಹೇಳಿದಳು: "ಆಗ್ತೇನೆ ಅಂದೆ."